ಪಹಣಿಯಿಂದ ಪ್ಲಾಟ್‌ಫಾರಂವರೆಗೆ: ಕಾಲು ಶತಮಾನದ ಲೆಕ್ಕ

ಕೋಟೆ ಸೀಮೆಯಲ್ಲಿ ಯಾರಾದರೂ ‘ಪ್ಲಾಟ್‌ಫಾರಂಗೆ ಹೋಗ್ತಾ ಇದೀನಿ’ ಎಂದರೆ ರೈಲು ಹಿಡಿಯಲು ಹೊರಟಿದ್ದಾರೆ ಎಂದು ತಿಳಿಯಬಾರದು. ಹೆಗ್ಗಡದೇವನಕೋಟೆಗೆ ರೈಲು ಬಂದಿಲ್ಲ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಬಂದಿಲ್ಲ. ಇಲ್ಲಿ ಪ್ಲಾಟ್‌ಫಾರಂ ಎಂದರೆ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ. ಬ್ಯಾರನ್ನಿನಲ್ಲಿ ಹದ ಮಾಡಿದ ಹೊಗೆಸೊಪ್ಪನ್ನು ಬೇಲು ಕಟ್ಟಿ, ಗಾಡಿಗೆ ಹೇರಿ ರೈತ ಅಲ್ಲಿಗೆ ತರುತ್ತಾನೆ. ತಕ್ಕಡಿ ಅವನದಲ್ಲ, ದರ್ಜೆ ಹೇಳುವವನು ಅವನ ಆಳಲ್ಲ, ಕೊಳ್ಳುವ ಕಂಪನಿಗಳನ್ನು ಕರೆಸಿದವನೂ ಅವನಲ್ಲ. ತೂಕ, ದರ್ಜೆ, ಹರಾಜು, ಬಿಲ್ಲು, ಬ್ಯಾಂಕಿಗೆ ಹಣ, ಎಲ್ಲಕ್ಕೂ ಅಲ್ಲಿ ಮೊದಲೇ ಏರ್ಪಾಡಿದೆ. ರೈತ ತನ್ನ ಸೊಪ್ಪು ತಂದರೆ ಸಾಕು. 1984ಕ್ಕೆ ಮೊದಲು ನಮ್ಮ ರಾಜ್ಯದಲ್ಲಿ ಈ ಹರಾಜು ಇರಲಿಲ್ಲ. ವ್ಯಾಪಾರಿ ಬ್ಯಾರನ್ನಿನ ಬಾಗಿಲಿಗೇ ಬಂದು ಹೇಳಿದ್ದೇ ದರವಾಗಿತ್ತು. ಆಮೇಲೆ ಕೂಗಿನ ಹರಾಜು ಬಂತು. ಈಗ ಕೈಯಲ್ಲಿ ಹಿಡಿದ ಯಂತ್ರದ ಗುಂಡಿ ಒತ್ತುವ ಇ-ಹರಾಜು. ದರ ಒಪ್ಪಿಗೆಯಾಗದಿದ್ದರೆ ಬೇಲನ್ನು ವಾಪಸು ಒಯ್ಯುವ ಹಕ್ಕು ಮಾತ್ರ ಅಂದಿನಿಂದ ಇಂದಿನವರೆಗೂ ರೈತನದೇ. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಲಿ. ಅದರ ಬಳಿಗೆ ಮತ್ತೆ ಬರುತ್ತೇವೆ.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈಚಿನ ವರ್ಷಗಳಲ್ಲಿ ಬಹಳ ಓಡಾಡುತ್ತಿರುವ ‘ಪ್ಲಾಟ್‌ಫಾರಂ ಎಂಜಿನಿಯರಿಂಗ್’ ಎಂಬ ಮಾತಿನ ಒಳಗಿರುವುದೂ ಇದೇ ವಿಚಾರ. ಒಂದು ಕಂಪನಿಯಲ್ಲಿ ನೂರು ತಂಡಗಳಿವೆ ಎನ್ನಿ. ಪ್ರತಿ ತಂಡಕ್ಕೂ ಸರ್ವರ್ ಬೇಕು, ದತ್ತಾಂಶ ಇಡುವ ಜಾಗ ಬೇಕು, ಲಾಗಿನ್ ಬೇಕು, ಬರೆದ ಪ್ರೋಗ್ರಾಂ ಜನರ ಕೈಗೆ ತಲುಪುವ ದಾರಿ ಬೇಕು, ರಾತ್ರಿ ಏನಾದರೂ ಕೆಟ್ಟರೆ ಎಚ್ಚರಿಸುವ ಗಂಟೆಯೂ ಬೇಕು. ನೂರೂ ತಂಡಗಳು ಇವನ್ನೆಲ್ಲ ತಾವೇ ಕಟ್ಟಿಕೊಂಡರೆ ಪ್ರತಿ ರೈತನೂ ಹೆಗಲ ಮೇಲೆ ತಕ್ಕಡಿ ಹೊತ್ತು ತಿರುಗಿದಂತೆ. ಅದಕ್ಕೇ ಒಂದು ತಂಡ ಎಲ್ಲರಿಗೂ ಬೇಕಾದ ಜಗಲಿಯೊಂದನ್ನು ಕಟ್ಟಿಕೊಡುತ್ತದೆ, ಉಳಿದವರು ಅದರ ಮೇಲೆ ನಿಂತು ತಮ್ಮ ಕೆಲಸ ಮಾಡುತ್ತಾರೆ.

ಈ ವಿಚಾರ ರಾತ್ರೋರಾತ್ರಿ ಹುಟ್ಟಿದ್ದಲ್ಲ. ಬರೆದವರೇ ನಡೆಸಲಿ ಎಂಬ ನೀತಿಯನ್ನು ಅಮೆಜಾನ್‌ನ ವರ್ನರ್ ವೋಗೆಲ್ಸ್ 2006ರಲ್ಲೇ ಹೇಳಿದ್ದರು. 2009ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ನಡೆದ ಸಭೆಯಿಂದ ಈ ಬಗೆಯ ಕೆಲಸಕ್ಕೆ ‘ಡೆವ್‌ಆಪ್ಸ್’ ಎಂಬ ಹೆಸರು ಹರಡಿತು. 2014ರಲ್ಲಿ ಗೂಗಲ್, ಹಲವು ಸರ್ವರ್‌ಗಳನ್ನು ಒಟ್ಟಾಗಿ ನಡೆಸುವ ಕುಬರ್ನೆಟಿಸ್ ತಂತ್ರಾಂಶವನ್ನು ಹೊರತಂದಿತು. ಪ್ರತಿಯೊಂದೂ ಒಳ್ಳೆಯದೇ. ಆದರೆ ಪ್ರೋಗ್ರಾಂ ಬರೆಯುವ ಹುಡುಗನ ತಲೆಯ ಮೇಲೆ ಹೊರೆ ಏರುತ್ತಲೇ ಹೋಯಿತು: ಹತ್ತು ಸಲಕರಣೆ, ಹತ್ತು ಪಾಸ್‌ವರ್ಡ್, ಹತ್ತು ಭಾಷೆ. ಮ್ಯಾಥ್ಯೂ ಸ್ಕೆಲ್ಟನ್ ಮತ್ತು ಮ್ಯಾನುಯೆಲ್ ಪಾಯಿಸ್ 2019ರ ತಮ್ಮ ‘ಟೀಮ್ ಟೊಪಾಲಜೀಸ್’ ಪುಸ್ತಕದಲ್ಲಿ ಈ ತಲೆಹೊರೆಯನ್ನೇ ಮುಖ್ಯ ಸಮಸ್ಯೆ ಎಂದರು. ಮರುವರ್ಷ ಸಂಗೀತದ ಕಂಪನಿ ಸ್ಪಾಟಿಫೈ, ಇಂಥ ಜಗಲಿ ಕಟ್ಟಲು ನೆರವಾಗುವ ತನ್ನ ‘ಬ್ಯಾಕ್‌ಸ್ಟೇಜ್’ ತಂತ್ರಾಂಶವನ್ನು ಎಲ್ಲರಿಗೂ ಮುಕ್ತಗೊಳಿಸಿತು. 2026ರ ಹೊತ್ತಿಗೆ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಶೇ 80ರಷ್ಟು ಪ್ಲಾಟ್‌ಫಾರಂ ತಂಡ ಕಟ್ಟಿಕೊಂಡಿರುತ್ತವೆ ಎಂದು ಸಂಶೋಧನಾ ಸಂಸ್ಥೆ ಗಾರ್ಟ್ನರ್ ಭವಿಷ್ಯ ನುಡಿಯಿತು.

ಇದನ್ನೆಲ್ಲ ಕೋಟೆಯಲ್ಲಿ ಕೂತು ಬರೆಯಲು ಕಾರಣವಿದೆ. ಈ ಹೆಸರು ಹುಟ್ಟುವ ಮೊದಲೇ, ಈ ಕೆಲಸದ ಅತಿ ದೊಡ್ಡ ಪ್ರಯೋಗಗಳಲ್ಲಿ ಒಂದು ನಮ್ಮ ತಾಲ್ಲೂಕು ಕಚೇರಿಗಳಲ್ಲೇ ನಡೆಯಿತು. ಅದರ ಹೆಸರು ಭೂಮಿ. ಅದಕ್ಕೀಗ ಕಾಲು ಶತಮಾನ. ಹಿಂದಿರುಗಿ ನೋಡಲು ಇದು ತಕ್ಕ ಹೊತ್ತು.

ಭೂಮಿಗೆ ಮೊದಲು ಪಹಣಿ ಗ್ರಾಮಲೆಕ್ಕಿಗರ ಕಂಕುಳಲ್ಲಿ ಇರುತ್ತಿತ್ತು. ಸುಮಾರು 9,000 ಗ್ರಾಮಲೆಕ್ಕಿಗರು ಕೈಬರಹದಲ್ಲಿ ಇಟ್ಟ ದಾಖಲೆಯೇ ರಾಜ್ಯದ ಜಮೀನಿನ ಜಾತಕ. ಪಹಣಿ ಬೇಕಾದವನು ಮೊದಲು ಲೆಕ್ಕಿಗರನ್ನು ಹುಡುಕಬೇಕಿತ್ತು. ಸಿಕ್ಕರೆ ಪುಣ್ಯ; ಸಿಕ್ಕಮೇಲೆ ಕೈ ಬಿಸಿ ಮಾಡುವುದು ಬೇರೆ ಬಾಬತ್ತು. 1990ರ ದಶಕದ ಮೊದಲಲ್ಲೇ ಕೇಂದ್ರದ ಹಣದಲ್ಲಿ ಗಣಕೀಕರಣದ ಪ್ರಯತ್ನ ನಡೆದು ನಿಂತುಹೋಗಿತ್ತು. ದಶಕದ ಕೊನೆಗೆ ಕಂದಾಯ ಇಲಾಖೆ, ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದಿಂದ (ಎನ್‌ಐಸಿ) ತಂತ್ರಾಂಶ ಬರೆಸಿ ಮತ್ತೆ ಕೈಹಾಕಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಅಕ್ಷರ ಅಕ್ಷರವಾಗಿ ಕಂಪ್ಯೂಟರಿಗೆ ಹತ್ತಿಸಲಾಯಿತು. 177 ತಾಲ್ಲೂಕುಗಳಲ್ಲಿ ಕಿಟಕಿ ತೆರೆಯಿತು. 15 ರೂಪಾಯಿ ಕೊಟ್ಟರೆ ಪಹಣಿ.

ತಂತ್ರಾಂಶವೊಂದೇ ಈ ಕೆಲಸ ಮಾಡಿಸಲಿಲ್ಲ. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲ ಎಂದು ಸರ್ಕಾರ ಸಾರಿತು. ಹಳೆಯ ದಾರಿ ಮುಚ್ಚಿದ್ದರಿಂದಲೇ ಹೊಸ ದಾರಿಯಲ್ಲಿ ಜನ ನಡೆದರು. ಖಾತೆ ಬದಲಾವಣೆಯ ಅರ್ಜಿಗಳಿಗೆ ಬಂದ ಸರದಿಯಲ್ಲೇ ವಿಲೇವಾರಿ ಎಂಬ ನಿಯಮ ತಂತ್ರಾಂಶದ ಒಳಗೇ ಕೂತಿತು. ಯಾವ ನೌಕರ ಯಾವ ದಾಖಲೆ ಮುಟ್ಟಿದ ಎಂಬುದಕ್ಕೆ ಅವನ ಬೆರಳಚ್ಚೇ ಸಾಕ್ಷಿಯಾಯಿತು. ಆಗಿನ ಕಾಲಕ್ಕೆ ಇದು ಸಣ್ಣ ಮಾತಲ್ಲ. ಪಹಣಿಗಾಗಿ ಲೆಕ್ಕಿಗರ ಮನೆ ಜಗಲಿಯಲ್ಲಿ ಕಾದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರನ್ನು ಕೇಳಿದರೆ ಭೂಮಿಯ ಬೆಲೆ ಹೇಳುತ್ತಾರೆ.

ಅದರ ಬೆನ್ನಿಗೆ ಒಂದೊಂದೇ ಬಂದವು. ಖಜಾನೆಗಳಿಗೆ ‘ಖಜಾನೆ’, ನೋಂದಣಿ ಕಚೇರಿಗಳಿಗೆ ‘ಕಾವೇರಿ’, 2006ರಲ್ಲಿ ಹೋಬಳಿಗೊಂದು ‘ನೆಮ್ಮದಿ’ ಕೇಂದ್ರ. 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ‘ಸಕಾಲ’. ಅದೇ ವರ್ಷದ ಕೊನೆಗೆ ನಾಡಕಚೇರಿಗಳಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ. ಪಂಚಾಯಿತಿ ಆಸ್ತಿಗಳಿಗೆ ‘ಇ-ಸ್ವತ್ತು’, ಸರ್ವೆಗೆ ‘ಮೋಜಿಣಿ’. ಒಂದೊಂದೂ ತನ್ನ ಇಲಾಖೆ, ತನ್ನ ಟೆಂಡರು, ತನ್ನ ಲಾಗಿನ್ನು, ತನ್ನ ದತ್ತಾಂಶ ಹಿಡಿದುಕೊಂಡೇ ಹುಟ್ಟಿತು. ಒಂದೇ ಬೀದಿಯಲ್ಲಿ ಮನೆಗೊಂದು ಬಾವಿ ತೋಡಿದ ಹಾಗೆ. ನೀರು ಎಲ್ಲ ಮನೆಯಲ್ಲೂ ಇತ್ತು, ನಲ್ಲಿ ಮಾತ್ರ ಇರಲಿಲ್ಲ. ಕಾವೇರಿಯಲ್ಲಿ ಕ್ರಯವಾದ ಜಮೀನಿನ ವಿವರ ಭೂಮಿಗೆ ತಾನಾಗಿ ಹರಿಯುವಂತಾಗಲು ವರ್ಷಗಳೇ ಹಿಡಿದವು.

ನಲ್ಲಿ ಹಾಕಿದ ಕೆಲಸ ಕಳೆದ ಹತ್ತು ವರ್ಷದ್ದು, ಸಾಧನೆಯ ಪಟ್ಟಿಯಲ್ಲಿ ಅದಕ್ಕೇ ಮೊದಲ ಸ್ಥಾನ. ಒಂದು ಉದಾಹರಣೆ ಸಾಕು. ಅಂತರಸಂತೆಯ ಹುಡುಗಿಯೊಬ್ಬಳು ಸಿಇಟಿಗೆ ಅರ್ಜಿ ಹಾಕುತ್ತಾಳೆ ಎನ್ನಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಕೊಟ್ಟ ಆರ್‌ಡಿ ನಂಬರನ್ನು ಅವಳು ಅರ್ಜಿಯಲ್ಲಿ ತುಂಬುತ್ತಾಳೆ. ಪರೀಕ್ಷಾ ಪ್ರಾಧಿಕಾರದ ತಂತ್ರಾಂಶ ಆ ನಂಬರು ಹಿಡಿದು ನಾಡಕಚೇರಿಯ ತಂತ್ರಾಂಶವನ್ನೇ ಕೇಳುತ್ತದೆ: ಈ ಪತ್ರ ನಿಜವೆ? ಉತ್ತರ ಕ್ಷಣದಲ್ಲಿ ಬರುತ್ತದೆ. ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್ಲೂ ಅದೇ ನಂಬರನ್ನು, ಶಾಲೆಯ ಸ್ಯಾಟ್ಸ್ ಸಂಖ್ಯೆಯನ್ನು ಹೀಗೆಯೇ ಕೇಳಿ ತಿಳಿಯುತ್ತದೆ. ಜೆರಾಕ್ಸ್ ಇಲ್ಲ, ಗೆಜೆಟೆಡ್ ಅಧಿಕಾರಿಯ ಸಹಿಗೆ ಬಾಗಿಲು ಕಾಯಬೇಕಿಲ್ಲ. ರೈತರ ಪಾಲಿಗೆ ‘ಫ್ರೂಟ್ಸ್’ ಇದೇ ಜಾತಿಯದು. ಪಹಣಿ, ಆಧಾರ್, ಬ್ಯಾಂಕ್ ಖಾತೆ ಒಂದೇ ಎಫ್‌ಐಡಿ ನಂಬರಿನಡಿ ಸೇರಿದ್ದರಿಂದ 2023ರ ಬರಗಾಲದ ಪರಿಹಾರ ನೇರ ಖಾತೆಗೆ ಬಿತ್ತು. ‘ಸೇವಾ ಸಿಂಧು’ವಂತೂ ನಿಜವಾದ ಅರ್ಥದಲ್ಲಿ ಪ್ಲಾಟ್‌ಫಾರಂ. ಎನ್‌ಐಸಿಯ ‘ಸರ್ವಿಸ್‌ಪ್ಲಸ್’ ಎಂಬ ಚೌಕಟ್ಟಿನ ಮೇಲೆ ನಿಂತಿರುವ ಅದರಲ್ಲಿ, ಹೊಸ ಸೇವೆಯೊಂದು ಬೇಕೆಂದಾಗ ಹೊಸ ತಂತ್ರಾಂಶ ಬರೆಯಬೇಕಿಲ್ಲ. ಅರ್ಜಿಯ ನಮೂನೆ, ಶುಲ್ಕ, ಯಾರ ಮೇಜಿನಿಂದ ಯಾರ ಮೇಜಿಗೆ ಎಂಬುದನ್ನು ಹೊಂದಿಸಿದರೆ ಆಯಿತು. 2022ರಲ್ಲಿ ಶುರುವಾದ ಗ್ರಾಮ ಒನ್ ಕೇಂದ್ರಗಳು ಹಳ್ಳಿಯಲ್ಲಿ ಕೂತು ನಾನಾ ಇಲಾಖೆಗಳ ಕೆಲಸ ಮಾಡಿಕೊಡಲು ಸಾಧ್ಯವಾದದ್ದು ಇಂಥ ಜಗಲಿ ಇದ್ದುದರಿಂದ.

ಇನ್ನು ನಷ್ಟದ ಕಡೆ ಬರೋಣ.

ಈಚೆಗೆ ಕಾಡಂಚಿನ ಊರೊಂದರ ಸೇವಾ ಕೇಂದ್ರದಲ್ಲಿ ನಮ್ಮ ಸರದಿಗೆ ಕಾದು ಕೂತಿದ್ದೆವು. ಮುಂದೆ ವಯಸ್ಸಾದ ಹೆಂಗಸೊಬ್ಬರು, ಸಂಧ್ಯಾ ಸುರಕ್ಷಾ ಹಣ ನಿಂತಿದೆ ಎಂದು ಬಂದವರು. ಹುಡುಗ ಬೆರಳಚ್ಚಿನ ಯಂತ್ರ ಮುಂದೆ ಸರಿಸಿದ. ಅವರು ಒತ್ತಿದರು. ಯಂತ್ರ ಒಪ್ಪಲಿಲ್ಲ. ಹೊಗೆಸೊಪ್ಪಿನ ಅಂಟು, ರಾಗಿ ಕಳೆ, ಪಾತ್ರೆಯ ಬೂದಿ ಸೇರಿ ಅರ್ಧ ಶತಮಾನ ತಿಕ್ಕಿದ ಬೆರಳು ಅದು, ಗೆರೆಗಳೇ ಉಳಿದಿರಲಿಲ್ಲ.

‘ಇನ್ನೊಂದ್ ಸತಿ ಒತ್ತವ್ವಾ. ಒದ್ದೆ ಬಟ್ಟೇಲಿ ಒರಸ್ಕೊಂಡು ಒತ್ತು.’

ಅವರು ಸೆರಗಿನಲ್ಲಿ ಒರೆಸಿಕೊಂಡರು. ಮತ್ತೆ ಒತ್ತಿದರು. ಮತ್ತೆ ಇಲ್ಲ. ಆಗ ಸಿಟ್ಟೇನೂ ಇಲ್ಲದೆ ಕೇಳಿದರು: ‘ಮೊನ್ನೆ ಅಕ್ಕಿ ತಕಳಕೆ ಸೊಸೈಟೀಲಿ ಒತ್ತಿದ್ನಲ್ಲಪ್ಪಾ. ಅಲ್ಲಿ ಆಯ್ತಲ್ಲ. ಅದೇ ಹೆಬ್ಬೆಟ್ಟು ಅಲ್ವೇನಪ್ಪಾ ಇದೂವೆ?’

ಹುಡುಗ ನಕ್ಕ. ‘ಅದು ಬ್ಯಾರೆ ಇಲಾಖೆ ಕಣವ್ವಾ.’

ಅಷ್ಟರಲ್ಲಿ ಸರ್ವರ್ ಹೋಯಿತು. ನಾಳೆ ಬಾ ಎಂದು ಕಳಿಸಿದ. ಅವರ ಊರಿಗೆ ಮುಂದಿನ ಬಸ್ಸು ಮಧ್ಯಾಹ್ನಕ್ಕಿತ್ತು.

ಕಾಲು ಶತಮಾನದ ಈ ಎಲ್ಲ ತಂತ್ರಾಂಶಗಳ ಮೇಲೆ ತಜ್ಞರು ಬರೆದ ವಿಮರ್ಶೆಗಳಿವೆ. ಭೂಮಿಯ ಕೇಂದ್ರೀಕರಣ ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ಜಮೀನು ಕೂಡಿಸಲು ಅನುಕೂಲ ಮಾಡಿತು ಎಂದು ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಎಚ್ಚರಿಸಿದ್ದರು, ಅದನ್ನು ಓದಬೇಕು. ಆದರೆ ಆ ತಾಯಿ ಕೇಳಿದ ಒಂದು ಪ್ರಶ್ನೆಯಲ್ಲಿ ಪ್ಲಾಟ್‌ಫಾರಂ ಎಂಜಿನಿಯರಿಂಗ್‌ನ ಇಡೀ ಪಾಠವಿದೆ. ಒಮ್ಮೆ ಗುರುತು ಹಿಡಿದ ಮೇಲೆ ಮತ್ತೆ ಮತ್ತೆ ಯಾಕೆ ಗುರುತು ಕೇಳುತ್ತೀರಿ? ಇಲಾಖೆ ಬೇರೆಯಾದರೆ ಮನುಷ್ಯ ಬೇರೆಯಾಗುತ್ತಾನೆಯೆ?

ಇದೇ ಹೊರೆ ಕಿಟಕಿಯ ಆಚೆ ಕೂತವರ ಮೇಲೂ ಇದೆ. 2024ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರಕ್ಕೆ ಕೂತರು, 2025ರ ಫೆಬ್ರುವರಿಯಲ್ಲಿ ಮತ್ತೆ ಕೂತರು. ಹಿಂದಿನ ಗ್ರಾಮಲೆಕ್ಕಿಗರೇ ಇವರು, ಹೆಸರು ಮಾತ್ರ ಹೊಸದು. ಅವರ ದೂರುಗಳಲ್ಲಿ ಮೊದಲನೆಯದು ಸಂಬಳವಲ್ಲ, ಆ್ಯಪ್‌ಗಳು. ಪಹಣಿಗೆ ಆಧಾರ್ ಜೋಡಣೆಗೆ ಒಂದು, ಸರ್ಕಾರಿ ಜಮೀನು ಕಾಯಲು ‘ಲ್ಯಾಂಡ್ ಬೀಟ್’ ಎಂದು ಒಂದು, ಬಗರ್‌ಹುಕುಂಗೆ ಒಂದು, ಬೆಳೆ ಸಮೀಕ್ಷೆಗೆ ಒಂದು. ಹೀಗೆ 17ಕ್ಕೂ ಹೆಚ್ಚು ಆ್ಯಪ್‌ಗಳನ್ನು ಸರಿಯಾದ ಮೊಬೈಲು, ಲ್ಯಾಪ್‌ಟಾಪು, ನೆಟ್ಟು ಕೊಡದೆ ನಡೆಸಿ ಎಂದರೆ ಹೇಗೆ ಎಂಬುದು ಅವರ ಪ್ರಶ್ನೆ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಎಂಜಿನಿಯರನ ತಲೆಹೊರೆ ಇಳಿಸಲು ಕೋಟಿಗಟ್ಟಲೆ ಸುರಿದು ಪ್ಲಾಟ್‌ಫಾರಂ ಕಟ್ಟುತ್ತಾರೆ. ಅದೇ ಹೊರೆ ಹಳ್ಳಿಯ ನೌಕರನ ತಲೆಗೆ ಬಂದಾಗ ನಾವು ಅದನ್ನು ಪ್ರಗತಿ ಎಂದು ಕರೆದೆವು. ಇಲಾಖೆಗೊಂದು ಬಾವಿ ಎಂಬ ಹಳೆಯ ಚಾಳಿ ಹೋಗಿಲ್ಲ. ಈಗ ಬಾವಿ ಮೊಬೈಲಿನ ಒಳಗೆ ಇದೆ, ಅಷ್ಟೆ.

ಎರಡನೆಯ ನಷ್ಟ ಕೂಡುವಿಕೆಯಿಂದಲೇ ಬಂದದ್ದು. ಭೂಮಿಯ ಮೊದಲ ದಿನಗಳಲ್ಲಿ ಪ್ರತಿ ತಾಲ್ಲೂಕು ಕಚೇರಿಯಲ್ಲೂ ಅದರದೇ ಸರ್ವರ್ ಇತ್ತು. ಕೋಟೆಯದು ಕೆಟ್ಟರೆ ಕೋಟೆಯ ಕೆಲಸ ನಿಲ್ಲುತ್ತಿತ್ತು, ಹುಣಸೂರಿನದು ನಡೆಯುತ್ತಿತ್ತು. ಮುಂದೆ ಎಲ್ಲವೂ ಸರ್ಕಾರಿ ಕಚೇರಿಗಳನ್ನು ಬೆಸೆಯುವ ಕೆಸ್ವಾನ್ ಜಾಲದ ಮೂಲಕ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದವು. ಅನುಕೂಲ ಬಹಳ, ಆದರೆ ಅಲ್ಲಿ ಸೀನಿದರೆ ಇಲ್ಲಿ ನೆಗಡಿ. 2025ರ ಜನವರಿಯಲ್ಲಿ ‘ಕಾವೇರಿ 2.0’ ಮೇಲೆ ಕಿಡಿಗೇಡಿಗಳು ಸುಳ್ಳು ಕೋರಿಕೆಗಳ ಮಳೆ ಸುರಿಸಿದಾಗ ರಾಜ್ಯದ ಉದ್ದಗಲಕ್ಕೂ ನೋಂದಣಿ ಮುಗ್ಗರಿಸಿತು. ಕ್ರಯಪತ್ರಕ್ಕೆ ದಿನ ನೋಡಿ ಬಂದವರು ವಾಪಸು ಹೋದರು. ಕಂಪನಿಗಳ ಅನುಭವವೂ ಇದಕ್ಕೆ ದೂರವಿಲ್ಲ. ಸಾಫ್ಟ್‌ವೇರ್ ಕೆಲಸವನ್ನು ವರ್ಷವರ್ಷ ಅಳೆಯುವ ಡೋರಾ ವರದಿ 2024ರಲ್ಲಿ ಹೇಳಿದ್ದು: ಒಳ ಪ್ಲಾಟ್‌ಫಾರಂ ಬಳಸುವ ಕಡೆ ಒಬ್ಬೊಬ್ಬರ ಕೆಲಸ ಶೇ 8ರಷ್ಟು, ತಂಡದ ಕೆಲಸ ಶೇ 10ರಷ್ಟು ಮೇಲು, ಆದರೆ ಬದಲಾವಣೆಗಳು ಹೊರಬೀಳುವ ವೇಗ ಶೇ 8ರಷ್ಟು, ಅವುಗಳ ಸ್ಥಿರತೆ ಶೇ 14ರಷ್ಟು ಕಡಿಮೆ. ಜಗಲಿ ಕಟ್ಟಿದೊಡನೆ ಎಲ್ಲ ಸಲೀಸು ಎಂಬುದು ಮಾರಾಟಗಾರರ ಮಾತು.

ಕಲಿತರೆ ಸುಧಾರಿಸಬಹುದು ಎಂಬುದಕ್ಕೂ ಸಾಕ್ಷಿಯಿದೆ. 2023ರ ಜೂನ್ 18ರಂದು ಗೃಹಜ್ಯೋತಿ ನೋಂದಣಿ ಶುರುವಾದಾಗ ಜನ ಒಮ್ಮೆಗೇ ಮುಗಿಬಿದ್ದು ಸರ್ವರ್ ತಿಣುಕಾಡಿತು. ಮರುತಿಂಗಳು 19ರಂದು ಗೃಹಲಕ್ಷ್ಮಿ ಶುರುವಾದಾಗ ಯಾರು, ಯಾವ ದಿನ, ಯಾವ ಕೇಂದ್ರಕ್ಕೆ ಬರಬೇಕು ಎಂದು ಮೊದಲೇ ಸಂದೇಶ ಕಳಿಸುವ ಏರ್ಪಾಡಾಯಿತು. ಹರಾಜಿಗೆ ಯಾವ ಊರಿನ ಬೇಲು ಯಾವ ದಿನ ಎಂದು ಹೇಳುವ ಕ್ರಮ ನಮ್ಮ ರೈತರಿಗೆ ಹೊಸದಲ್ಲ. ಸುಮಾರು ಒಂದು ತಿಂಗಳಲ್ಲಿ ತಪ್ಪು ತಿದ್ದಿಕೊಂಡ ಈ ನಡೆ ಮೆಚ್ಚತಕ್ಕದ್ದು. ಆದರೆ ಅದು ಅಪರೂಪ.

ಮೂರನೆಯದು, ಜಗಲಿಯ ಮೇಲೆ ಹತ್ತಲಾರದವರು. ಎಲ್ಲದರ ಬುಡದಲ್ಲಿ ಪಹಣಿ ಇರುವುದರಿಂದ ಪಹಣಿಯ ತಪ್ಪು ಎಲ್ಲದರಲ್ಲೂ ಇಳಿಯುತ್ತದೆ. ಅಜ್ಜ ತೀರಿಕೊಂಡು ಎಷ್ಟೋ ಕಾಲವಾದರೂ ಅವನ ಹೆಸರಲ್ಲೇ ನಿಂತ ಜಮೀನು, ಪೌತಿ ಖಾತೆಯಾಗದ ಹಿಡುವಳಿ, ದುರಸ್ತಿಯಾಗದ ಮಂಜೂರಾತಿ, ಗೇಣಿಗೆ ಉಳುವವನ ದುಡಿಮೆ. ಇವು ಭೂಮಿಯಲ್ಲಿ ಸರಿಯಾಗಿ ಕಾಣದಿದ್ದರೆ ಎಫ್‌ಐಡಿಯಲ್ಲೂ ಕಾಣವು. ಅಲ್ಲಿ ಕಾಣದಿದ್ದರೆ ಪರಿಹಾರದಲ್ಲೂ ಕಾಣವು. ನಮ್ಮದು ಕಬಿನಿಗೆ ಊರು ಬಿಟ್ಟುಕೊಟ್ಟವರ, ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬ, ಕಾಡುಕುರುಬ, ಯರವರ ತಾಲ್ಲೂಕು. ಕಾಗದ ಕೂಡಿಬರುವುದು ಇಲ್ಲಿ ಮೊದಲಿಂದಲೂ ಕಷ್ಟ. ಹಾಡಿಯ ಹುಡುಗ ನೆಟ್‌ವರ್ಕ್ ಸಿಗುವ ದಿಬ್ಬ ಹುಡುಕಿ ಹತ್ತಿ ಓಟಿಪಿ ಓದಿ ಹೇಳುವ ಹೊತ್ತಿಗೆ ಅದರ ಆಯುಸ್ಸು ಮುಗಿದಿರುತ್ತದೆ. ಇಂಥ ಕಡೆ ತಂತ್ರಾಂಶ ಚೆನ್ನಾಗಿದೆಯೆ ಎಂದು ಬೆಂಗಳೂರಿನಲ್ಲಿ ಕೂತು ಅಳೆಯಲಾಗದು. ಪಹಣಿಗೆ ಆಧಾರ್ ಜೋಡಿಸುವ ‘ನನ್ನ ಆಸ್ತಿ’, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಈ ಬುಡವನ್ನೇ ಸರಿಪಡಿಸಲು ಹೊರಟ ಕೆಲಸಗಳು. ಕಾಲು ಶತಮಾನ ತಡವಾಯಿತು ಎನ್ನಬಹುದು, ಆದರೂ ಆಗಬೇಕಾದ್ದೇ.

ಇಷ್ಟು ನೋಡಿದ ಮೇಲೆ ನಮ್ಮ ತೀರ್ಮಾನ ಇದು. ಕಟ್ಟುವುದರಲ್ಲಿ ಕರ್ನಾಟಕ ಯಾರಿಗೂ ಕಡಿಮೆಯಿಲ್ಲ. ಕಟ್ಟಿದ್ದನ್ನು ನಡೆಸುವುದರಲ್ಲಿ ಸೋತಿದ್ದೇವೆ. ಸರ್ಕಾರದ ಲೆಕ್ಕದಲ್ಲಿ ತಂತ್ರಾಂಶ ಒಂದು ಯೋಜನೆ: ಟೆಂಡರು, ಉದ್ಘಾಟನೆ, ಬಿಲ್ಲು, ಮುಕ್ತಾಯ. ಕೆರೆ ಕಟ್ಟಿಸಿದ ಹಿರಿಯರು ಹೂಳೆತ್ತಲು, ತೂಬು ಕಾಯಲು ನೀರಗಂಟಿಯನ್ನೂ ನೇಮಿಸುತ್ತಿದ್ದರು. ಪ್ಲಾಟ್‌ಫಾರಂ ಎಂಜಿನಿಯರಿಂಗ್ ಎಂಬ ಹೊಸ ಹೆಸರಿನ ಹಳೆಯ ಬುದ್ಧಿಯೂ ಇದೇ. ಅಲ್ಲಿ ಪ್ಲಾಟ್‌ಫಾರಂಗೆ ಕಾಯಂ ತಂಡ ಇರುತ್ತದೆ, ಬಳಸುವವರನ್ನು ಆ ತಂಡ ಗಿರಾಕಿಗಳೆಂದು ಕಾಣುತ್ತದೆ, ಅವರ ದೂರಿನಿಂದಲೇ ನಾಳಿನ ಕೆಲಸ ಗೊತ್ತುಮಾಡುತ್ತದೆ. ಎಲ್ಲಕ್ಕಿಂತ ಮುಖ್ಯ, ಬೇಡವೆನಿಸಿದ ತಂಡ ಬೇರೆ ದಾರಿ ಹಿಡಿಯಬಹುದು. ಆ ಭಯ ಇರುವುದರಿಂದಲೇ ಜಗಲಿ ಚೊಕ್ಕಟವಾಗಿರುತ್ತದೆ. ತಂಬಾಕಿನ ಪ್ಲಾಟ್‌ಫಾರಂನಲ್ಲಿ ರೈತ ದರ ಒಪ್ಪದೆ ಬೇಲು ವಾಪಸು ಒಯ್ಯಬಲ್ಲ. ದರ ಕುಸಿದ ವರ್ಷ ಹರಾಜನ್ನೇ ನಿಲ್ಲಿಸಿ, ಮಾರುಕಟ್ಟೆಯ ಅಧೀಕ್ಷಕರನ್ನು ಎದುರಿಗೆ ಕರೆಸಿ ಕೇಳಬಲ್ಲ. ಸರ್ಕಾರದ ಪ್ಲಾಟ್‌ಫಾರಂ ಮೇಲೆ ನಿಂತವನಿಗೆ ಈ ಎರಡೂ ಇಲ್ಲ. ಬೇರೆ ದಾರಿ ಮುಚ್ಚಿದೆ, ಸರ್ವರ್‌ಗೆ ಮುಖವಿಲ್ಲ.

ಬೇರೆ ದಾರಿ ಇಲ್ಲದ ಮೇಲೆ ಲೆಕ್ಕವಾದರೂ ಇರಬೇಕು. ಅದೂ ಇಲ್ಲ. ಸಕಾಲ ಕಾಯ್ದೆಯಲ್ಲಿ ಅರ್ಜಿ ಸ್ವೀಕರಿಸಿದೊಡನೆ 15 ಅಂಕಿಯ ಒಂದು ಸಂಖ್ಯೆ ಹುಟ್ಟುತ್ತದೆ. ಅಂದಿನಿಂದ ದಿನದ ಎಣಿಕೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಒಳ್ಳೆಯ ಕಾಯ್ದೆ. ಆದರೆ ಸರ್ವರ್ ಇಲ್ಲವೆಂದು ವಾಪಸು ಹೋದವರಿಗೆ ಆ ಸಂಖ್ಯೆಯೇ ಹುಟ್ಟುವುದಿಲ್ಲ. ಹೆಬ್ಬೆಟ್ಟು ಒತ್ತಿ, ಒರೆಸಿಕೊಂಡು ಮತ್ತೆ ಒತ್ತಿ, ಬಸ್ಸಿಗೆ ಕಾದು ಮನೆಗೆ ಹೋದ ಆ ತಾಯಿಯ ಒಂದು ದಿನ ಯಾವ ಪುಸ್ತಕದಲ್ಲೂ ಜಮೆಯಾಗಿಲ್ಲ. ಸಕಾಲದ ಅಂಕಿಅಂಶದಲ್ಲಿ ಅಂದು ಯಾವ ವಿಳಂಬವೂ ಆಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಚಿಕ್ಕದು. ಪ್ರತಿ ಕಿಟಕಿಯಲ್ಲೂ, ಬಂದವರ ಅರ್ಜಿ ಸರ್ವರ್ ಇಲ್ಲದ್ದಕ್ಕೆ ನಿಂತರೆ, ಕಾಗದದ ಮೇಲಾದರೂ ದಿನ ಮತ್ತು ಹೊತ್ತು ಬರೆದು ಚೀಟಿ ಕೊಡಲಿ. ಸಕಾಲದ ಎಣಿಕೆ ಆ ಚೀಟಿಯ ದಿನದಿಂದ ಶುರುವಾಗಲಿ. ಯಾವ ಸೇವೆ ಯಾವ ದಿನ ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ತಿಂಗಳಿಗೊಮ್ಮೆ ತಾಲ್ಲೂಕುವಾರು ಪ್ರಕಟಿಸಲಿ. ಓದುಗರಿಗೂ ಒಂದು ಮಾತು: ಅಲ್ಲಿಯವರೆಗೆ, ಸರ್ವರ್ ಇಲ್ಲವೆಂದು ವಾಪಸು ಕಳಿಸಿದ ದಿನವನ್ನು, ಹೊತ್ತನ್ನು ನಿಮ್ಮ ಪಹಣಿಯ ಬೆನ್ನಿಗೇ ಬರೆದಿಟ್ಟುಕೊಳ್ಳಿ. ಲೆಕ್ಕ ಕೇಳುವ ದಿನ ಬೇಕಾಗುತ್ತದೆ.